ಗುಡಗೇರಿಯ ಶಿಲೆ, ಹೆಳವನ ಗಂಟೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಗುಡಗೇರಿಯು ದಾರಿಯ ಮೇಲಿನ ಒಂದು ಸಣ್ಣ ಸ್ಟೇಶನ್ನು. ಎರಡೂ ಬದಿಗೆ ಕರಿಯ ಎರೆಭೂಮಿ. ಕಾಲಕ್ಕೆ ತಕ್ಕಂತೆ ಜೋಳ, ಹತ್ತಿ, ಮೆಣಸಿನಕಾಯಿ. ಇಳಿಯುವವರು ಇಳಿಯುತ್ತಾರೆ, ಗಾಡಿ ಮುಂದೆ ಸಾಗುತ್ತದೆ. ಆದರೆ ಕರ್ನಾಟಕದ ಇತಿಹಾಸವನ್ನು ಓದಿದವರಿಗೆ ಈ ಊರಿನ ಹೆಸರು ಅಪರಿಚಿತವಲ್ಲ. ಕ್ರಿ. ಶ. ೧೦೭೬-೭೭ರ ಒಂದು ಜೈನ ಶಾಸನವು ಇಲ್ಲಿ ದೊರೆತಿದೆ. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದು ನಮ್ಮ ಶಾಸನಗಳಿಗಾಗಿ ತಮ್ಮ ಆಯುಷ್ಯವನ್ನು ಸವೆಸಿದ ಫ್ಲೀಟ್ ಸಾಹೇಬರು ಅದನ್ನು ೧೮೮೯ರ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದರು. ಅಂದಿನಿಂದ ಗುಡಗೇರಿಯು, ಶಾಸನದ ಮಾತಿನಲ್ಲಿ ಹೇಳುವುದಾದರೆ 'ಗುಡಿಗೆರೆ'ಯು, ವಿದ್ವಾಂಸರ ಅಡಿಟಿಪ್ಪಣಿಗಳಲ್ಲಿ ಬಾಳುತ್ತ ಬಂದಿದೆ.

ಶಾಸನದ ಸಂಗತಿ ಸರಳವಾದುದು. ಸಮೀಪದ ಪುರಿಗೆರೆಯಲ್ಲಿ, ಎಂದರೆ ಈಗಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿ ಎಂಬ ಜಿನಾಲಯವಿದ್ದಿತು. ಅದಕ್ಕೆ ಸೇರಿದ ಭೂಮಿಯು ಗುಡಿಗೆರೆಯಲ್ಲಿದ್ದಿತು. ಶಾಸನದ ಕಾಲಕ್ಕೆ ಆ ಭೂಮಿಯ ಅಧಿಕಾರವು ಶ್ರೀನಂದಿ ಪಂಡಿತನೆಂಬ ಜೈನಾಚಾರ್ಯನ ಕೈಯಲ್ಲಿದ್ದಿತು. ಇಷ್ಟೇ ಆಗಿದ್ದರೆ ಇದು ನೂರಾರು ದಾನಶಾಸನಗಳಲ್ಲಿ ಮತ್ತೊಂದು. ಆದರೆ ಆ ಬಸದಿಯನ್ನು ಕಟ್ಟಿಸಿದವರಾರೆಂಬುದನ್ನೂ ಶಾಸನವು ಹೇಳುತ್ತದೆ: ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯವಲ್ಲಭನ ತಂಗಿ ಕುಂಕುಮ ಮಹಾದೇವಿ. ಬಾದಾಮಿಯ ವಿಜಯಾದಿತ್ಯನು ಆಳಿದ್ದು ೬೯೬ರಿಂದ ೭೩೩ರ ವರೆಗೆ. ಅಂದರೆ ಅವಳ ಕಾಲಕ್ಕೂ ಶಾಸನದ ಕಾಲಕ್ಕೂ ನಡುವೆ ಸುಮಾರು ಮೂರೂವರೆ ಶತಮಾನಗಳು ಉರುಳಿದ್ದವು. ಬಾದಾಮಿಯ ಅರಸುತನ ಅಳಿಯಿತು. ರಾಷ್ಟ್ರಕೂಟರು ಬಂದರು, ಹೋದರು. ಕಲ್ಯಾಣದ ಚಾಲುಕ್ಯರು ಎದ್ದರು. ಇಷ್ಟೆಲ್ಲ ಆದ ಮೇಲೆಯೂ ಗುಡಿಗೆರೆಯ ಹೊಲದ ಲೆಕ್ಕ ಬರೆಯಿಸುವಾಗ ಒಬ್ಬ ಹೆಣ್ಣುಮಗಳ ಹೆಸರನ್ನೂ ಅವಳ ಅಣ್ಣನ ಹೆಸರನ್ನೂ ತಪ್ಪದೆ ಹೇಳಬೇಕೆಂದು ಆ ಕಾಲದವರಿಗೆ ತೋರಿತು.

ಯಾಕೆ ತೋರಿತು? ಭೂಮಿಯ ಹಕ್ಕನ್ನು ಗಟ್ಟಿಮಾಡಿಕೊಳ್ಳುವುದಕ್ಕಾಗಿ ಎಂದು ವ್ಯವಹಾರಜ್ಞರು ಹೇಳಬಹುದು. ಅದು ಸುಳ್ಳಲ್ಲ. ಲಕ್ಷ್ಮೇಶ್ವರದಲ್ಲಿಯೇ ಹಳೆಯ ಅರಸರ ದಾನಗಳನ್ನು ಬಹುಕಾಲದ ಮೇಲೆ ಒಂದೇ ಕಲ್ಲಿನ ಮೇಲೆ ಒಟ್ಟಾಗಿ ಕೆತ್ತಿಸಿರುವುದುಂಟು; ಅವುಗಳ ಸಾಚಾತನದ ಬಗ್ಗೆ ವಿದ್ವಾಂಸರು ಸಂದೇಹಪಟ್ಟಿರುವುದೂ ಉಂಟು. ಆದರೆ ಹಕ್ಕಿನ ಮಾತಷ್ಟರಿಂದಲೇ ಈ ನೆನಪನ್ನು ಪೂರಾ ವಿವರಿಸಲಾಗದು. ಕೊಟ್ಟವರ ಹೆಸರನ್ನು ಹೇಳದೆ ಕೊಟ್ಟುದನ್ನು ಉಣ್ಣುವುದು ಋಣಗೇಡಿತನ ಎಂಬ ಭಾವನೆಯೂ ಅದರ ಹಿಂದೆ ಇದ್ದಿತು. ನಮ್ಮ ನಾಡಿನಲ್ಲಿ ಹಿಂದಿನವರ ಹೆಸರನ್ನು ಹುಡುಕುವುದು ಬರಿಯ ಕುತೂಹಲವಾಗಿರಲಿಲ್ಲ. ಅದು ಧರ್ಮದ ಒಂದು ಅಂಗವಾಗಿದ್ದಿತು. ಈ ಮಾತನ್ನು ಸ್ವಲ್ಪ ವಿಸ್ತರಿಸಿ ನೋಡುವುದು ಉಪಯುಕ್ತವಾದೀತು.

ವೈದಿಕ ಸಂಪ್ರದಾಯದಲ್ಲಿ ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ. ದೇವಋಣ, ಋಷಿಋಣ, ಪಿತೃಋಣ. ಮೂರನೆಯದನ್ನು ತೀರಿಸುವ ದಾರಿ ಶ್ರಾದ್ಧ. ಅಲ್ಲಿ ದೇವರ ಸ್ತುತಿಗಿಂತ ಹೆಸರುಗಳೇ ಮುಖ್ಯ. ತಂದೆ, ಅಜ್ಜ, ಮುತ್ತಜ್ಜ: ಈ ಮೂವರನ್ನು ಗೋತ್ರದೊಡನೆ ಹೆಸರು ಹಿಡಿದು ಕರೆಯಬೇಕು, ವಸು, ರುದ್ರ, ಆದಿತ್ಯ ರೂಪರೆಂದು ಭಾವಿಸಬೇಕು. ತಾಯಿ, ಅಜ್ಜಿ, ಮುತ್ತಜ್ಜಿಯರಿಗೂ ಅಲ್ಲಿ ಸ್ಥಾನವುಂಟು. ಹೆಸರು ಗೊತ್ತಿಲ್ಲದಿದ್ದರೆ ಕರ್ಮ ಮುಂದೆ ಸಾಗುವುದು ಕಷ್ಟ. ಪುರೋಹಿತರು "ಮುತ್ತಜ್ಜನ ಹೆಸರೇನು?" ಎಂದು ಕೇಳಿದಾಗ ಮನೆಯ ಹಿರಿಯರ ಕಡೆಗೆ ತಿರುಗಿ ನೋಡುವ ತರುಣರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಒಂದು ಕ್ಷಣದಲ್ಲಿ ವಂಶದ ಇತಿಹಾಸವು ಪೂಜೆಯ ಸಾಮಗ್ರಿಯಾಗುತ್ತದೆ. ಎಳ್ಳು, ದರ್ಭೆ, ನೀರಿನಷ್ಟೇ ಅವಶ್ಯವಾದ ಸಾಮಗ್ರಿ. ಭಾದ್ರಪದ ಕೃಷ್ಣಪಕ್ಷದ ಮಹಾಲಯದಲ್ಲಂತೂ ಈ ವರ್ತುಲ ಇನ್ನೂ ಹಿಗ್ಗುತ್ತದೆ. ತಾಯಿಯ ತವರಿನವರು, ಗುರುಗಳು, ಗೆಳೆಯರು ಎಲ್ಲರೂ ಬರುತ್ತಾರೆ. ತಂದೆಯಾಗಲಿ ತಾಯಿಯಾಗಲಿ ಬಂಧುವಾಗಲಿ ಇಲ್ಲದೆ ಹೋದವರಿಗೂ ಒಂದು ಬೊಗಸೆ ನೀರು ಬಿಡುವ ವಿಧಿಯುಂಟು. ಹೆಸರು ಕಳೆದುಹೋದವರನ್ನು ಸಹ ಧರ್ಮವು ಮರೆಯಲಿಲ್ಲ ಎಂಬುದು ಗಮನಿಸತಕ್ಕ ಮಾತು.

ಈ ವಿಷಯವನ್ನು ಶಾಸ್ತ್ರದ ಮಟ್ಟದಲ್ಲಿ ಚರ್ಚಿಸಿದ ಮಹಾಪಂಡಿತನು ನಮ್ಮವನೇ. ಗುಡಗೇರಿಯ ಶಾಸನದ ಕಾಲಕ್ಕೇ, ಎಂದರೆ ೧೦೭೬ರಲ್ಲಿ, ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು ಪಟ್ಟಕ್ಕೆ ಬಂದನು. ಅವನ ಆಶ್ರಯದಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರ'ವನ್ನು ಬರೆದನು. ಸಪಿಂಡರು ಯಾರು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವು ಪ್ರಸಿದ್ಧವಾಗಿದೆ: ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು. ಬಂಗಾಲದ ಜೀಮೂತವಾಹನನು 'ದಾಯಭಾಗ'ದಲ್ಲಿ ಬೇರೊಂದು ದಾರಿ ಹಿಡಿದು, ಸತ್ತವನಿಗೆ ಪಿಂಡವನ್ನಿತ್ತು ಪಾರಲೌಕಿಕ ಉಪಕಾರ ಮಾಡಬಲ್ಲವನಿಗೇ ಆಸ್ತಿಯ ಹಕ್ಕು ಎಂದನು. ಒಬ್ಬನಿಗೆ ರಕ್ತವು ಮುಖ್ಯ, ಇನ್ನೊಬ್ಬನಿಗೆ ಶ್ರದ್ಧಾಕರ್ಮ ಮುಖ್ಯ. ಇಬ್ಬರಿಗೂ ವಂಶಾವಳಿ ಮಾತ್ರ ಬೇಕೇ ಬೇಕು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವ ವರೆಗೆ ದೇಶದ ಕೋರ್ಟುಗಳು ಬಹುಮಟ್ಟಿಗೆ ಈ ಎರಡು ಗ್ರಂಥಗಳ ಬೆಳಕಿನಲ್ಲಿಯೇ ಮನೆತನಗಳ ಜಗಳಗಳನ್ನು ಬಿಡಿಸುತ್ತಿದ್ದವು.

ಹೀಗೆ ಹೇಳಿದ ಮಾತ್ರಕ್ಕೆ ವಂಶಾವಳಿಗಳೆಲ್ಲ ಶ್ರದ್ಧೆಯಿಂದ ಹುಟ್ಟಿದವೆಂದು ತಿಳಿಯಬಾರದು. ಡಂಭದಿಂದ ಹುಟ್ಟಿದವುಗಳೇ ಹೆಚ್ಚು. ಕಲ್ಯಾಣದ ಚಾಲುಕ್ಯರ ತಾಮ್ರಪಟಗಳು ತಮ್ಮ ವಂಶದ ಐವತ್ತೊಂಬತ್ತು ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತವೆ. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ಡಂಭದ ವಂಶಾವಳಿಗೂ ಶ್ರದ್ಧೆಯ ವಂಶಾವಳಿಗೂ ಇರುವ ಅಂತರವನ್ನು ತಿಳಿಯಲು ಧಾರವಾಡ ಜಿಲ್ಲೆಯ ಇನ್ನೊಂದು ಊರಿನ ಕಡೆಗೆ ತಿರುಗಬೇಕು. ಆ ಊರು ಅಣ್ಣಿಗೇರಿ.

ಆದಿಕವಿ ಪಂಪನು ೯೪೧ರಲ್ಲಿ ಬರೆದ 'ವಿಕ್ರಮಾರ್ಜುನ ವಿಜಯ'ದ ಕೊನೆಯಲ್ಲಿ ತನ್ನ ಮನೆತನದ ಹಕೀಕತ್ತನ್ನು ಹೇಳಿಕೊಂಡಿದ್ದಾನೆ. ವೆಂಗಿನಾಡಿನ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ. ಆತನ ಮಗ ತಾನು. ಯಜ್ಞಗಳನ್ನು ಮಾಡಿ ಹೆಸರುವಾಸಿಯಾದ ಸೋಮಯಾಜಿಯು ಆ ಹೋಮದ ಹೊಗೆಯಿಂದಲೇ ತನ್ನ ಬೆಳ್ಳನೆಯ ಕೀರ್ತಿಗೆ ಮಸಿ ಹತ್ತಿಸಿಕೊಂಡನೆಂದು ಮರಿಮಗನ ಮಗನು ನಯವಾಗಿ ನುಡಿಯುತ್ತಾನೆ. ಮುಂದೆ ತನ್ನ ತಂದೆಯು ಜಾತಿಯಲ್ಲಿ ಉತ್ತಮನಾದ ಬ್ರಾಹ್ಮಣನಿಗೆ ಜೈನಧರ್ಮವೇ ತಕ್ಕುದೆಂದು ಬಗೆದು ಅದನ್ನು ಹಿಡಿದನೆಂದು ಸ್ಪಷ್ಟವಾಗಿ ಹೇಳುತ್ತಾನೆ. ಇಲ್ಲಿ ವಂಶಾವಳಿ ಬರಿಯ ಹೆಸರುಗಳ ಸಾಲಲ್ಲ; ಒಂದು ಮನೆತನವು ತನ್ನ ನಂಬಿಕೆಯನ್ನು ಹೇಗೆ ಬದಲಿಸಿತು ಎಂಬುದರ ಕತೆ. ಹಿಂದಿನವರನ್ನು ಮುಚ್ಚಿಡದೆ, ಅವರನ್ನು ಒಪ್ಪದೆಯೂ ಅವರ ಹೆಸರನ್ನು ಗೌರವದಿಂದ ಹೇಳುವ ಧೈರ್ಯವು ಪಂಪನಿಗಿದ್ದಿತು.

ಇದಕ್ಕಿಂತ ಹೆಚ್ಚಿನ ವಿವರಗಳು ಸಿಗುವುದು ಅವನ ತಮ್ಮ ಜಿನವಲ್ಲಭನ ಶಾಸನದಲ್ಲಿ. ಈಗ ತೆಲಂಗಾಣಕ್ಕೆ ಸೇರಿದ ಕರೀಂನಗರದ ಸೀಮೆಯ ಕುರ್ಕ್ಯಾಲದ ಹತ್ತಿರ ಬೊಮ್ಮಲಗುಟ್ಟ ಎಂಬ ಗುಡ್ಡವಿದೆ. ಅಲ್ಲಿಯ ಬಂಡೆಯ ಮೇಲೆ ಜಿನಬಿಂಬಗಳ ಕೆಳಗೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ನುಡಿಗಳಲ್ಲಿ ಅವನು ಶಾಸನ ಬರೆಯಿಸಿದನು. ತಂದೆ ಭೀಮಪಯ್ಯನ ಊರು, ಗೋತ್ರ, ಪ್ರವರ ಎಲ್ಲವೂ ಅದರಲ್ಲಿವೆ. ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೆರೆಯ ಜೋಯಿಸ ಸಿಂಘನ ಮೊಮ್ಮಗಳು ಎಂಬ ಮಾತೂ ಇದೆ. ಕನ್ನಡದ ಮೊದಲ ಮಹಾಕವಿಯ ತಾಯಿಯ ತವರು ನಮ್ಮ ಅಣ್ಣಿಗೇರಿಯೊಡನೆ ಹೀಗೆ ಬೆಸೆದುಕೊಂಡಿರುವುದು ಈ ಒಂದು ಬಂಡೆಯಿಂದ ತಿಳಿಯಿತು. ಅದರಲ್ಲಿಯೇ ಜಿನವಲ್ಲಭನು ತಾನು ಕೊಂಡಕುಂದಾನ್ವಯದ ಗುರುವಿನ ಶಿಷ್ಯನೆಂದೂ ಹೇಳಿಕೊಂಡಿದ್ದಾನೆ. ಗೋತ್ರಪ್ರವರಗಳು ಹುಟ್ಟಿನ ವಂಶಾವಳಿ, ಅನ್ವಯವು ನಂಬಿಕೆಯ ವಂಶಾವಳಿ. ಎರಡನ್ನೂ ಒಂದೇ ಕಲ್ಲಿನ ಮೇಲೆ, ದೇವರ ಪಾದದ ಕೆಳಗೆ, ಅಕ್ಕಪಕ್ಕ ಇಡಲು ಅವನಿಗೆ ಸಂಕೋಚವಾಗಲಿಲ್ಲ. ಇದನ್ನು ಶ್ರದ್ಧೆಯ ವಂಶಾವಳಿಯೆನ್ನದೆ ಏನೆನ್ನೋಣ?

ಕಲ್ಲು, ತಾಮ್ರಪಟ, ಕಾವ್ಯಗಳು ಅರಸರಿಗೂ ಆಚಾರ್ಯರಿಗೂ ಕವಿಗಳಿಗೂ ದಕ್ಕಿದವು. ಗುಡಗೇರಿಯ ಎರೆಹೊಲದಲ್ಲಿ ನೇಗಿಲು ಹಿಡಿದವನ ಮುತ್ತಜ್ಜನ ಹೆಸರನ್ನು ಯಾರು ಕಾಯ್ದರು? ಈ ಪ್ರಶ್ನೆಗೆ ಉತ್ತರವಾಗಿ ಉತ್ತರ ಕರ್ನಾಟಕದಲ್ಲಿ ಒಂದು ಸಮುದಾಯವೇ ಇದೆ. ಅವರೇ ಹೆಳವರು.

ಸುಗ್ಗಿಯ ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಹೆಳವನು ಊರಿಗೆ ಬರುತ್ತಿದ್ದನು. ಎತ್ತಿನ ಮೇಲೆ ಕುಳಿತಿರುತ್ತಿದ್ದನು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡಿರುತ್ತಿದ್ದನು, ಕೈಯಲ್ಲೊಂದು ಗಂಟೆ. 'ಹೆಳವ' ಎಂದರೆ ಕುಂಟ. ಹಳಗನ್ನಡದ 'ಪೆಳವ'ನೇ ಇವನು. 'ಹೇಳುವವನೇ ಹೆಳವ' ಎಂದು ಜನರು ಅರ್ಥ ಮಾಡುವುದೂ ಉಂಟು. ಭಾಷಾಶಾಸ್ತ್ರವು ಅದನ್ನು ಒಪ್ಪಲಾರದು; ಆದರೆ ಅವನ ಕಸುಬಿಗೆ ಆ ಅರ್ಥವು ಚೆನ್ನಾಗಿ ಹೊಂದುತ್ತದೆ. ಯಾವ ಹೆಳವನಿಗೆ ಯಾವ ಊರು, ಯಾವ ಮನೆತನ ಎಂಬುದು ತಲೆಮಾರುಗಳಿಂದ ಗೊತ್ತಾಗಿರುತ್ತದೆ. ಮನೆಯ ಮುಂದೆ ನಿಂತು ಅವನು ಆ ಮನೆತನದ ಮೂಲಪುರುಷನಿಂದ ಆರಂಭಿಸುತ್ತಾನೆ. ಮೊದಲು ಯಾವ ಊರಿನಲ್ಲಿದ್ದರು, ಯಾವ ಬರಗಾಲಕ್ಕೆ ಅಥವಾ ಯಾವ ಜಗಳಕ್ಕೆ ಊರು ಬಿಟ್ಟರು, ಎಷ್ಟು ಜನ ಅಣ್ಣತಮ್ಮಂದಿರು ಎತ್ತೆತ್ತ ಚೆದರಿದರು, ಮನೆದೇವರು ಯಾವುದು, ಬೆಡಗು ಯಾವುದು: ಇವೆಲ್ಲವೂ ಒಂದು ರಾಗದಲ್ಲಿ ಹರಿದುಬರುತ್ತವೆ. ಕೊನೆಗೆ ಈಗಿನ ಯಜಮಾನನ ಹೆಸರು, ಅವನ ಮಕ್ಕಳ ಹೆಸರು. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸಿನ ಹೆಸರನ್ನು ಕೇಳಿ ತಿಳಿದು ಸೇರಿಸಿಕೊಳ್ಳುತ್ತಾನೆ. ಮನೆಯವರು ಜೋಳ, ಬಟ್ಟೆ, ಪಾತ್ರೆ, ಅನುಕೂಲವಿದ್ದರೆ ಒಂದು ಕರುವನ್ನೂ ಕೊಟ್ಟು ಕಳಿಸುತ್ತಾರೆ.

ಇದನ್ನು ಭಿಕ್ಷೆಯೆಂದು ಹಿಂದಿನ ಸರಕಾರಿ ದಫ್ತರಗಳು ಬರೆದಿಟ್ಟವು. ಅದು ಹೊರಗಿನಿಂದ ನೋಡಿದವರ ಮಾತು. ಕೊಡುವವನಿಗಾಗಲಿ ಕೊಳ್ಳುವವನಿಗಾಗಲಿ ಅದು ಭಿಕ್ಷೆಯಾಗಿರಲಿಲ್ಲ. ಹೆಳವನ ಬಾಯಿಂದ ಹಿರಿಯರ ಹೆಸರು ಹೊರಡುವಾಗ ಮನೆಯವರು ಕೈಜೋಡಿಸಿ ನಿಲ್ಲುತ್ತಾರೆ. ಮಂತ್ರ, ಪುರೋಹಿತ, ಗೋತ್ರಗಳ ಗೊಡವೆಯಿಲ್ಲದ ಒಕ್ಕಲಿನ ಮನೆಗೆ ಅದೇ ಶ್ರಾದ್ಧ. ಇನ್ನೂ ಒಂದು ಮಾತುಂಟು. ಹೊಟ್ಟೆಪಾಡಿಗಾಗಿ ದೂರ ಹೋದ ಎಷ್ಟೋ ಕುಟುಂಬಗಳಿಗೆ ತಮ್ಮ ಮನೆದೇವರೇ ಮರೆತುಹೋಗಿರುತ್ತದೆ. ಮದುವೆಯ ಮುಂದೆ ದೇವರ ಕಾರ್ಯ ಮಾಡಬೇಕೆಂದಾಗ, ತಮ್ಮದು ಸವದತ್ತಿಯ ಎಲ್ಲಮ್ಮನೋ ಮೈಲಾರಲಿಂಗನೋ ವೀರಭದ್ರನೋ ಎಂದು ತಿಳಿಯದೆ ಕಂಗೆಡುತ್ತಾರೆ. ಆಗ ಹೆಳವನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ದೇವರ ದಾರಿಯನ್ನು ವಂಶಾವಳಿಯೇ ತೋರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕಿಲ್ಲ.

ಹೆಳವರ ಮೂಲದ ಬಗ್ಗೆ ಇರುವ ಐತಿಹ್ಯಗಳಲ್ಲಿ ಒಂದು ಬಸವಣ್ಣನವರಿಗೆ ಸಂಬಂಧಿಸಿದುದು. ನಡೆಯಲಾರದ ಕುಂಟನೊಬ್ಬನಿಗೆ ಬಸವಣ್ಣನವರು ಎತ್ತನ್ನೂ ಗಂಟೆಯನ್ನೂ ಕೊಟ್ಟು, ಮನೆಮನೆಯ ಹಿರಿಯರನ್ನು ಕೊಂಡಾಡಿ ಬದುಕೆಂದು ಹರಸಿದರಂತೆ. ಇದು ಇತಿಹಾಸವೋ ನಂಬಿಕೆಯೋ ಎಂಬ ಪ್ರಶ್ನೆ ಒತ್ತಟ್ಟಿಗಿರಲಿ. ಈ ಕತೆಯಲ್ಲಿ ಒಂದು ತೊಡಕುಂಟು, ಅದು ವಿಚಾರಕ್ಕೆ ಅರ್ಹವಾಗಿದೆ. ಕುಲವನ್ನು ಕೇಳಬಾರದೆಂದು ಸಾರಿದವರು ಬಸವಣ್ಣನವರು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದ ಅವರು ತಾವು ಮಾದಾರ ಚೆನ್ನಯ್ಯನ, ಡೋಹರ ಕಕ್ಕಯ್ಯನ ಮನೆಗಳಿಗೆ ಸೇರಿದ ಮಗನೆಂದು ವಚನಗಳಲ್ಲಿ ಹೇಳಿಕೊಂಡರು. ಹುಟ್ಟಿನ ವಂಶಾವಳಿಯನ್ನು ಹರಿದು ಭಕ್ತಿಯ ವಂಶಾವಳಿಯನ್ನು ಬರೆದುಕೊಂಡವರು ಅವರು. ಅಂಥವರು ವಂಶಾವಳಿ ಹೇಳುವವನಿಗೆ ಎತ್ತು ಕೊಟ್ಟರೆಂದರೆ ಹೇಗೆ?

ಜನಪದದ ಬುದ್ಧಿಯು ಇಲ್ಲಿ ಪಂಡಿತರಿಗಿಂತ ಸೂಕ್ಷ್ಮವಾಗಿದೆ ಎಂದು ನನಗೆ ತೋರುತ್ತದೆ. ಬಸವಣ್ಣನವರು ಹಳಿದದ್ದು ಹಿರಿಯರ ನೆನಪನ್ನಲ್ಲ, ಹಿರಿಯರ ಹೆಸರಿನಲ್ಲಿ ಇನ್ನೊಬ್ಬನನ್ನು ಕೀಳಾಗಿ ಕಾಣುವುದನ್ನು. ಹೆಳವನು ಲಿಂಗಾಯತರ ಮನೆಗೂ ಹೋಗುತ್ತಾನೆ, ಕುರುಬರ ಮನೆಗೂ ಹೋಗುತ್ತಾನೆ, ರಡ್ಡಿಯವರ ಮನೆಗೂ ಹೋಗುತ್ತಾನೆ; ಎಲ್ಲ ಕಡೆಗೂ ಅದೇ ರಾಗ, ಅದೇ ಗಂಟೆ. ಆದರೂ ಈ ಸಮಾಧಾನವು ಪೂರ್ಣವಾದುದಲ್ಲ. ವಂಶಾವಳಿಯ ಜೊತೆಗೆ ಜಾತಿಯೂ ಬೆಡಗೂ ಸಾಗಿಬರುತ್ತವೆ; ನೆನಪಿನ ಚೀಲದಲ್ಲಿ ಬೀಜವೂ ಇರುತ್ತದೆ, ಕಳೆಯೂ ಇರುತ್ತದೆ. ಆರಿಸಿ ಬಿತ್ತುವ ಹೊಣೆ ಕೇಳುವವರದು.

ಈ ಹಂಬಲವು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಗಯೆಗೆ ಪಿಂಡಪ್ರದಾನಕ್ಕೆ ಹೋದ ಕನ್ನಡಿಗರಿಗೆ ಅಲ್ಲಿಯ ಗಯಾವಾಳರ ಪರಿಚಯವಿದ್ದೇ ಇದೆ. ಅವರು ಮಧ್ವಾಚಾರ್ಯರ ಅನುಯಾಯಿಗಳು. ಉಡುಪಿಯ ಬೆಳಕು ಅಷ್ಟು ದೂರ ಹೋಗಿ ನೆಲೆಸಿದೆ. ಗಯೆ, ಕಾಶಿ, ಹರಿದ್ವಾರಗಳ ತೀರ್ಥಪುರೋಹಿತರ ವಹಿಗಳಲ್ಲಿ ಯಾತ್ರಿಕರು ತಮ್ಮ ಊರು, ಹಿರಿಯರ ಹೆಸರು, ಬಂದ ದಿನಗಳನ್ನು ಬರೆದು ಸಹಿ ಮಾಡುತ್ತಾರೆ. ಮೊಮ್ಮಗನು ಹೋದಾಗ ಅಜ್ಜನ ಕೈಬರಹವನ್ನೇ ಕಾಣಬಹುದು. ೧೯೭೦ರ ದಶಕದ ಕೊನೆಯಿಂದ ಹರಿದ್ವಾರದ ವಹಿಗಳ ಚಿತ್ರಗಳನ್ನು ತೆಗೆದುಕೊಂಡವರು ಅಮೇರಿಕೆಯ ಯೂಟಾ ಸಂಸ್ಥಾನದ ವಂಶಾವಳಿ ಸಂಘದವರು. ೧೮೩೦ರಲ್ಲಿ ಜೋಸೆಫ್ ಸ್ಮಿತ್ ಎಂಬಾತನು ಸ್ಥಾಪಿಸಿದ, ಮಾರ್ಮನ್ ಎಂದು ಜನರು ಕರೆಯುವ ಕ್ರೈಸ್ತ ಪಂಥಕ್ಕೆ ಸೇರಿದ ಸಂಘವದು. ದೀಕ್ಷೆಯಿಲ್ಲದೆ ತೀರಿಹೋದ ಹಿರಿಯರಿಗಾಗಿ ಬದುಕಿರುವವರು ದೀಕ್ಷೆ ಪಡೆಯಬಹುದೆಂಬುದು ಆ ಪಂಥದ ನಂಬಿಕೆ. ಅದಕ್ಕಾಗಿ ಹಿರಿಯರ ಹೆಸರನ್ನು ಹುಡುಕುವುದು ಅವರಿಗೆ ಧರ್ಮಕಾರ್ಯವಾಯಿತು. ೧೮೯೪ರಲ್ಲಿ ಸಂಘವನ್ನು ಕಟ್ಟಿದರು. ೧೯೬೦ರ ದಶಕದಲ್ಲಿ ಸಾಲ್ಟ್ ಲೇಕ್ ನಗರದ ಹತ್ತಿರ ಕರಿಗಲ್ಲಿನ ಬೆಟ್ಟವನ್ನೇ ಕೊರೆದು ಉಗ್ರಾಣ ಮಾಡಿದರು. ಅಲ್ಲಿ ಸುಮಾರು ೨೪ ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳು ಕೂಡಿಬಿದ್ದವು. ತರ್ಪಣವೆಂದರೇನೆಂದು ತಿಳಿಯದ ಜನರು ಪಿತೃಋಣಕ್ಕಾಗಿ ಬೆಟ್ಟ ಕೊರೆದದ್ದು ವಿಸ್ಮಯಕರವಲ್ಲವೇ?

ಆದರೆ ಅವರ ಕತೆಯಲ್ಲಿ ಎಚ್ಚರಿಕೆಯೂ ಉಂಟು. ಹಿಟ್ಲರನ ಕಾಲದಲ್ಲಿ ಕೊಲೆಯಾದ ಯೆಹೂದ್ಯರ ಹೆಸರುಗಳಿಗೂ ಹೀಗೆ ದೀಕ್ಷೆ ನಡೆದುದು ತಿಳಿದಾಗ ಯೆಹೂದ್ಯರು ನೊಂದು ಪ್ರತಿಭಟಿಸಿದರು. ತಮ್ಮ ಧರ್ಮಕ್ಕಾಗಿಯೇ ಸತ್ತವರನ್ನು ಇನ್ನೊಂದು ಧರ್ಮಕ್ಕೆ ಸೇರಿಸಲು ನೀವಾರು ಎಂಬುದು ಅವರ ಪ್ರಶ್ನೆ. ೧೯೯೫ರಲ್ಲಿ ಒಪ್ಪಂದವಾಗಿ ಅಂಥ ಹೆಸರುಗಳನ್ನು ತೆಗೆದುಹಾಕುವುದೆಂದು ನಿಶ್ಚಯವಾಯಿತು. ಸತ್ತವರ ಹೆಸರನ್ನು ಹೇಳುವ ಅಧಿಕಾರವು ಪ್ರೀತಿಯಿಂದ ಬಂದರೆ ಮಾತ್ರ ಸಾಲದು. ಅವರು ಬಾಳಿದ ರೀತಿಗೆ ಮರ್ಯಾದೆಯೂ ಇರಬೇಕು. ಪಂಪನು ಸೋಮಯಾಜಿಯನ್ನು ಸೋಮಯಾಜಿಯಾಗಿಯೇ ಉಳಿಸಿದನು, ಜೈನನನ್ನಾಗಿ ಮಾಡಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ನಮ್ಮ ಇಂದಿನ ಸ್ಥಿತಿ. ಮನೆಯ ಹಿರಿಯನು ತೀರಿಕೊಂಡ ಮೇಲೆ ನಮಗೆ ವಂಶವೃಕ್ಷ ಬೇಕಾಗುವುದು ನಾಡಕಚೇರಿಯಲ್ಲಿ, ಪಹಣಿಯ ಮೇಲೆ ವಾರಸುದಾರರ ಹೆಸರು ಏರಿಸುವುದಕ್ಕೆ. ಅದು ಕಾಗದದ ವೃಕ್ಷ. ಎರಡು ಮೂರು ತಲೆಮಾರಿನ ಕೆಳಗೆ ಅದಕ್ಕೆ ಬೇರಿಲ್ಲ. ಆದರೆ ಒಂದು ವಿಷಯದಲ್ಲಿ ಅದು ಹಳೆಯ ವಂಶಾವಳಿಗಳಿಗಿಂತ ಮೇಲು. ೨೦೦೫ರ ತಿದ್ದುಪಡಿಯ ತರುವಾಯ ಹೆಣ್ಣುಮಗಳು ಹುಟ್ಟಿನಿಂದಲೇ ಮಗನಿಗೆ ಸಮಾನಳಾದ ಪಾಲುಗಾರ್ತಿ. ಅವಳ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಯುವಂತಿಲ್ಲ. ಕುಂಕುಮ ಮಹಾದೇವಿಯನ್ನೂ ಅಬ್ಬಣಬ್ಬೆಯನ್ನೂ ಕಲ್ಲಿನ ಮೇಲೆ ಉಳಿಸಿದ ನಾಡು ನಡುವೆ ಎಷ್ಟೋ ಹೆಣ್ಣುಮಕ್ಕಳ ಹೆಸರುಗಳನ್ನು ಕಳೆದುಕೊಂಡಿತು. ತಂದೆಯ ಅಜ್ಜನ ಹೆಸರನ್ನು ಬಲ್ಲ ನಮ್ಮಲ್ಲಿ ಎಷ್ಟು ಜನ ತಾಯಿಯ ಅಜ್ಜಿಯ ಹೆಸರನ್ನು ಬಲ್ಲೆವು?

ಹೆಳವರ ಸ್ಥಿತಿಯೂ ಬದಲಾಗಿದೆ. ಎತ್ತಿನ ಬದಲು ಮೋಟರ್ ಸೈಕಲ್ ಬಂದಿದೆ. ಬಾಯಿಪಾಠದ ಬದಲು ಹೊತ್ತಿಗೆಗಳು ಬಂದಿವೆ. ಅವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹೋಗತಕ್ಕದ್ದೇ. ಊರೂರು ಅಲೆಯುವ ಬಾಳನ್ನು ಅವರ ಮೇಲೆ ಹೊರಿಸಿ, ನಮ್ಮ ಹಿರಿಯರ ಹೆಸರನ್ನು ನೀವೇ ಕಾಯಿರಿ ಎಂದು ಹೇಳುವ ಅಧಿಕಾರವು ನಮಗಿಲ್ಲ. ಆದರೆ ಒಬ್ಬ ಮುದುಕ ಹೆಳವನೊಡನೆ ನೂರಾರು ಮನೆಗಳ ಕತೆ ಮಣ್ಣು ಸೇರುತ್ತದೆಂಬುದೂ ಅಷ್ಟೇ ನಿಜ. ನಮ್ಮ ಸಾಕ್ಷ್ಯದ ಕಾಯಿದೆಯು ೧೮೭೨ರಿಂದಲೂ ಮನೆತನದ ವಂಶಾವಳಿಯನ್ನು, ಗೋರಿಕಲ್ಲಿನ ಬರಹವನ್ನು ನೆಂಟಸ್ತಿಕೆಯ ವಿಷಯದಲ್ಲಿ ಪರಿಗಣಿಸಬಹುದಾದ ಸಾಕ್ಷ್ಯವೆಂದು ಗಣಿಸಿದೆ. ಕೋರ್ಟು ಕೊಟ್ಟಷ್ಟು ಬೆಲೆಯನ್ನಾದರೂ ನಮ್ಮ ವಿದ್ಯಾಸಂಸ್ಥೆಗಳು ಹೆಳವರ ಹೊತ್ತಿಗೆಗಳಿಗೆ ಕೊಡಬೇಡವೇ? ಅವರ ಒಪ್ಪಿಗೆ ಪಡೆದು, ಅವರಿಗೆ ತಕ್ಕ ಸಂಭಾವನೆಯಿತ್ತು, ಆ ಹೊತ್ತಿಗೆಗಳ ಪ್ರತಿಯನ್ನೂ ಆ ರಾಗದ ಧ್ವನಿಮುದ್ರಣವನ್ನೂ ಉಳಿಸಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಅದಕ್ಕೂ ಮೊದಲು ಪ್ರತಿಯೊಬ್ಬ ವಾಚಕರೂ ಮಾಡಬಹುದಾದ ಒಂದು ಸಣ್ಣ ಕೆಲಸವುಂಟು. ಈ ಸಲದ ಮಹಾಲಯದಲ್ಲಾಗಲಿ, ಹಿರಿಯರ ಹಬ್ಬದಲ್ಲಾಗಲಿ, ನಿಮ್ಮ ಮನೆಯಲ್ಲಿ ಅತಿ ಹಿರಿಯರಾದವರ ಬಳಿಗೆ ಒಂದು ವಹಿ ಹಿಡಿದು ಕುಳಿತುಕೊಳ್ಳಿರಿ. ಅವರಿಗೆ ನೆನಪಿರುವ ಹೆಸರುಗಳನ್ನೆಲ್ಲ ಬರೆದುಕೊಳ್ಳಿರಿ; ಬಂದ ಊರು, ಬಿಟ್ಟ ಊರು, ಮನೆದೇವರು, ಬರಗಾಲ, ಪ್ಲೇಗು ಎಲ್ಲವನ್ನೂ. ಸೊಸೆಯಾಗಿ ಬಂದವರ, ಮಗಳಾಗಿ ಹೋದವರ ಹೆಸರುಗಳನ್ನು ಬಿಡದೆ ಬರೆಯಿರಿ. ಹೆಸರು ಸಿಗದ ಕಡೆಗೆ ಜಾಗವನ್ನು ಖಾಲಿ ಬಿಡಿರಿ, ಕಲ್ಪಿಸಿ ತುಂಬಬೇಡಿರಿ. ಆ ಖಾಲಿ ಜಾಗದವರಿಗೂ ಒಂದು ಬೊಗಸೆ ನೀರು ಸಲ್ಲುತ್ತದೆಂದು ನಮ್ಮ ಹಿರಿಯರು ಮೊದಲೇ ಹೇಳಿಟ್ಟಿದ್ದಾರೆ.